ಉಡಿ ತುಂಬಿಸಿಕೊಂಡ ಕಾರು

ನಾನು ಚಿಕ್ಕವಳಿದ್ದಾಗ, ಎಂಟು ವರ್ಷದವಳೋ ಒಂಬತ್ತರವಳೋ, ನಮ್ಮ ಮನೆಯ ಸಾಮಾನನ್ನೆಲ್ಲ ಹೊತ್ತ ಒಂದು ಹಳೆಯ ಕಾರು ತಾವರಗೇರಾ ದಾಟಿ ಕುಷ್ಟಗಿಗೆ ಹೋಗುವ ದಾರಿಯಲ್ಲಿ ನಿಂತುಬಿಟ್ಟಿತು. ಆ ದಿನದ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ಆ ದಿನ ನೆನಪಿದೆಯೋ ಅಥವಾ ನಾನು ಹೇಳಿದ ಕಥೆ ನೆನಪಿದೆಯೋ ತಿಳಿಯುವುದಿಲ್ಲ. ಅದಕ್ಕೇ ಈ ಸಲ ಬರೆಯುವ ಮುಂಚೆ ಅಕ್ಕನಿಗೆ ಫೋನ್ ಮಾಡಿದೆ. ಆಕೆ ನನಗಿಂತ ಐದು ವರ್ಷ ದೊಡ್ಡವಳು. ಕಥೆಯನ್ನು ಪೂರ್ತಿ ಕೇಳಿ, ಒಂದೆರಡು ಕಡೆ "ಸುಳ್ಳು ಹೇಳಬ್ಯಾಡ" ಅಂದಳು. ಆ ಜಾಗ ಬಂದಾಗ ನಿಮಗೂ ಹೇಳುತ್ತೇನೆ.

ಆಗ ನಾವು ಆನೆಗೊಂದಿಯಲ್ಲಿದ್ದೆವು. ಅಪ್ಪ ಗಂಗಾವತಿಯ ಒಂದು ಅಕ್ಕಿ ಗಿರಣಿಯ ಸಾಹುಕಾರರ ಹತ್ತಿರ ಕಾರಿನ ಡ್ರೈವರ್. ಅವ್ವ ಮನೆಯಲ್ಲಿ ಬಾಳೆನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದಳು. ಅದರ ನಡುವೆಯೇ ಓದಿ ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ನಾವಿಬ್ಬರೂ ಹುಟ್ಟಿದ ಮೇಲೆ ಓದಿದವಳು ಆಕೆ. ನಾಲ್ಕು ವರ್ಷ ಕಾದ ಮೇಲೆ ಆಕೆಗೆ ನೌಕರಿಯ ಆದೇಶ ಬಂತು. ಊರು ದೂರ. ಕೃಷ್ಣಾ ನದಿ ದಾಟಿ ಆಚೆ, ವಿಜಾಪುರದ ಕಡೆ. ಆದೇಶದಲ್ಲಿ ಒಂದು ದಿನಾಂಕವಿತ್ತು. ಆ ದಿನ ಸಂಜೆ ಐದು ಗಂಟೆಯೊಳಗೆ ಶಾಲೆಗೆ ಬಂದು ಸಹಿ ಮಾಡದಿದ್ದರೆ ಆದೇಶ ರದ್ದು. ಆಕೆಯ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ.

ಹದಿನೈದು ದಿನ ಸಮಯ ಕೊಟ್ಟಿದ್ದರು. ಅದರಲ್ಲಿ ಮೊದಲ ಹತ್ತು ದಿನ ನಮ್ಮ ಅಜ್ಜಿಗೆ, ಅಂದರೆ ಅಪ್ಪನ ಅವ್ವನಿಗೆ, ಜ್ವರ. ಜ್ವರ ಬಿಟ್ಟ ಮೇಲೆ ಆಕೆ, "ಮಂಗಳವಾರ ಹುಲಿಗಿಗೆ ಹೋಗಿ ಹುಲಿಗೆಮ್ಮ ತಾಯಿಗೆ ಕೈ ಮುಗೀದs ನಾ ಈ ಊರ ಬಿಡಂಗಿಲ್ಲ" ಅಂತ ಕೂತಳು. ಹೀಗಾಗಿ ನಾವು ಹೊರಟದ್ದು ಬುಧವಾರ ನಸುಕಿನಲ್ಲಿ. ಅದೇ ಕೊನೆಯ ದಿನ.

ಸಾಹುಕಾರರು ತಮ್ಮ ಹಳೆಯ ಕಾರನ್ನು ಎರಡು ದಿನಕ್ಕೆ ಕೊಟ್ಟಿದ್ದರು. ಅಪ್ಪ ನಮ್ಮನ್ನು ಬಿಟ್ಟು, ಕಾರು ವಾಪಸು ತಂದೊಪ್ಪಿಸಿ, ನೌಕರಿ ಬಿಟ್ಟು ಬರುವುದೆಂದು ಮಾತಾಗಿತ್ತು. ಗಿರಣಿಯ ಹಮಾಲರು ಅಪ್ಪನನ್ನು ಕಾಡಿದ್ದೇ ಕಾಡಿದ್ದು.

"ಏನ್ರಿ ಡ್ರೈವರ್ ಸಾಹೇಬ್ರ, ಅಕ್ಕೋರು ಸಾಲಿಗೆ ಹೋದ್ರ ನೀವು ಮನ್ಯಾಗ ರೊಟ್ಟಿ ಬಡೀತೀರೇನು?"

"ಬಡೀತೀನಿ" ಅಂದಿದ್ದ ಅಪ್ಪ. "ನೀ ಉಣ್ಣಾಕ ಬಾ. ಆದ್ರ ನಿನ್ನ ಹಲ್ಲಿಗೆ ನಾ ಜವಾಬ್ದಾರಲ್ಲ."

ಕಾರಿನ ತಲೆಯ ಮೇಲೆ ಎರಡು ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿ ಬಡಿಯುವ ಕೊಣಮಿಗೆ, ಇವೆಲ್ಲ ಅವ್ವನೇ ಹೊಸೆದ ಬಾಳೆನಾರಿನ ಹಗ್ಗದಿಂದ ಕಟ್ಟಿದ್ದು. ಹಿಂದಿನ ಡಿಕ್ಕಿಯಲ್ಲಿ ಬೀಸುವ ಕಲ್ಲು. ಕಲ್ಲಿನ ಭಾರಕ್ಕೆ ಕಾರಿನ ಹಿಂಭಾಗ ಕುಗ್ಗಿ, ಮೂತಿ ಮೇಲೆದ್ದು, ಕುಳಿತ ನಾಯಿಯ ಹಾಗೆ ಕಾಣುತ್ತಿತ್ತು.

ಹೊರಡುವ ಮುಂಚೆ ಅಜ್ಜಿ ಅವ್ವನಿಗೆ ಉಡಿ ತುಂಬಿದಳು. ನಮ್ಮ ಕಡೆ ಹೆಣ್ಣುಮಗಳು ಮನೆ ಬಿಟ್ಟು ಹೊರಟರೆ ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಉತ್ತತ್ತಿ, ಒಂದು ಕುಪ್ಪಸದ ಖಣ ಇಡುತ್ತಾರೆ. ಅವ್ವನಿಗೆ ತುಂಬಿ ಮುಗಿಸಿ ಅಜ್ಜಿ ಕಾರಿನ ಕಡೆ ನೋಡಿದಳು.

"ಈಕೀನೂ ಹೆಣ್ಣs. ಈಕೀನೂ ದೂರ ಹೊಂಟಾಳ. ಈಕಿಗಿ ಬರಿಗೈಲೆ ಕಳಸೂದೇನು?"

ಅಪ್ಪ ನಕ್ಕು, ಮುಂದಿನ ಜಾಳಿಗೆಗೆ ಒಂದು ನಿಂಬೆಹಣ್ಣು ಕಟ್ಟಿ ಸಾಕು ಅಂದ. ಅಜ್ಜಿಗೆ ಸಾಕಾಗಲಿಲ್ಲ. "ಉಡಿ ಮೂಗಿಗೆ ಕಟ್ಟತಾರೇನೋ ಹುಚ್ಚಾ? ಮಡಲಾಗ ತುಂಬತಾರ." ಕಾರಿನ ಮಡಿಲು ಎಲ್ಲಿ? ಅಪ್ಪ ನೀರು ನೋಡಲು ಬಾನೆಟ್ ಎತ್ತಿಟ್ಟು, ಹಗ್ಗ ಬಿಗಿಯಲು ಹಿಂದೆ ಹೋಗಿದ್ದ. ಹುಲಿಗಿಯಿಂದ ತಂದ ಹಸಿರು ಖಣದಲ್ಲಿ ಅಕ್ಕಿ, ಕೊಬ್ಬರಿ ಕಟ್ಟಿದ ಗಂಟು ಬಾನೆಟ್ಟಿನೊಳಗೆ ಸೇರಿತು. ಸೇರಿತು ಅಂತಲೇ ಬರೆಯುತ್ತೇನೆ. ಯಾರು ಸೇರಿಸಿದರು ಅನ್ನುವುದು ಆಮೇಲೆ.

ಗಂಗಾವತಿ ದಾಟುವಾಗ ಗಿರಣಿಯ ತೌಡಿನ ವಾಸನೆ. ಆಮೇಲೆ ಗದ್ದೆಯ ಹಸಿರು ಮುಗಿದು, ಕನಕಗಿರಿ ಬರುವಷ್ಟರಲ್ಲಿ ಕೆಂಪು ನೆಲ, ಕುರುಚಲು ಗುಡ್ಡ. ಸಜ್ಜೆ ಕೊಯ್ದು ಆಗಿತ್ತು, ತೊಗರಿ ನಿಂತಿತ್ತು. ಗಾಳಿ ತಣ್ಣಗಿತ್ತು. ಮುಂದೆ ಅಪ್ಪ, ಅಜ್ಜಿ. ಹಿಂದೆ ಅವ್ವ, ಅಕ್ಕ, ನಾನು, ನಮ್ಮ ಕಾಲಡಿ ಉಪ್ಪಿನಕಾಯಿ ಭರಣಿ. ಅವ್ವ ಆದೇಶದ ಕಾಗದವನ್ನು ಮೇಣಬಟ್ಟೆಯಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದಳು. ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ತಾವರಗೇರಾ ದಾಟಿದ ಮೇಲೆ ಒಂದು ಪರಿಮಳ ಶುರುವಾಯಿತು. ಕೊಬ್ಬರಿ ಹುರಿದ ಹಾಗೆ. ಸ್ವಲ್ಪ ಹೊತ್ತಿಗೆ ಅಕ್ಕಿ ಹುರಿದ ಹಾಗೆ. ನನ್ನ ಬಾಯಲ್ಲಿ ನೀರು ಬಂತು.

"ಯಾರೋ ಹೊಲದಾಗ ಉಂಡಿ ಕಟ್ಟಾಕತ್ಯಾರ" ಅಂದಳು ಅಜ್ಜಿ, ಮೂಗು ಎತ್ತಿ.

"ಇಷ್ಟು ಮುಂಜಾನೆ ಹೊಲದಾಗ ಉಂಡಿ ಯಾರು ಕಟ್ಟತಾರಬೇ" ಅಂದಳು ಅಕ್ಕ.

ಹೊಲ ದಾಟಿದರೂ ಪರಿಮಳ ದಾಟಲಿಲ್ಲ. ನಮ್ಮ ಜೊತೆಗೇ ಬರುತ್ತಿತ್ತು. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ನೋಡುವಷ್ಟರಲ್ಲಿ ಮುಂದಿನಿಂದ ದಡ್ ದಡ್ ದಡ್ ಅಂತ ಸದ್ದು, ಒಂದು ಚಟ್ಟನೆಯ ಏಟು, ಆಮೇಲೆ ಉಸ್ಸೆಂದು ಬಿಳಿ ಹೊಗೆ. ಕಾರು ರಸ್ತೆಯ ಬದಿಗೆ ಉರುಳಿ ನಿಂತಿತು.

ಬಾನೆಟ್ ಎತ್ತಿದಾಗ ಬಿಸಿ ಹಬೆಯ ಜೊತೆ ಹುರಿದ ಅಕ್ಕಿ ಹೊರಗೆ ಹಾರಿತು. ಎಂಜಿನ್ನಿನ ತುಂಬ ಕೆಂಪಗೆ ಹುರಿದ ಅಕ್ಕಿಕಾಳು. ಕೊಬ್ಬರಿ ಬಟ್ಟಲು ಎಣ್ಣೆ ಬಿಟ್ಟು ಕರ್ರಗಾಗಿತ್ತು. ಹಸಿರು ಖಣ ಫ್ಯಾನಿಗೆ ಸುತ್ತಿಕೊಂಡು ಚಿಂದಿಯಾಗಿತ್ತು. ಅದರ ಜೊತೆ ಫ್ಯಾನು ತಿರುಗಿಸುವ ಪಟ್ಟಿಯೂ ತುಂಡಾಗಿ ಹೋಗಿತ್ತು.

ಆ ಪಟ್ಟಿ ಏನೆಂದು ನಿಮಗೆ ಹೇಳಬೇಕು. ರಬ್ಬರಿನ ಒಂದು ದೊಡ್ಡ ಬಳೆ ಅನ್ನಿ. ಎಂಜಿನ್ನಿನ ಗಾಲಿಯೊಂದು ತಿರುಗಿದರೆ, ಆ ಬಳೆ ಎಳೆದುಕೊಂಡು ಫ್ಯಾನಿನ ಗಾಲಿಯನ್ನೂ ನೀರು ಸುತ್ತಿಸುವ ಪಂಪನ್ನೂ ತಿರುಗಿಸುತ್ತದೆ. ಅದಿಲ್ಲದಿದ್ದರೆ ಎಂಜಿನ್ನಿನ ನೀರು ಕುದಿಯುತ್ತದೆ. ಹಾಗೇ ಓಡಿಸಿದರೆ ಎಂಜಿನ್ನು ಸುಟ್ಟೇ ಹೋಗುತ್ತದೆ.

ಅಪ್ಪ ಹಸಿರು ಚಿಂದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದನ್ನ ಇದರಾಗ ಯಾರು ಇಟ್ಟಾರ?"

ಅಜ್ಜಿ ಮುಂದೆ ಬಂದು, "ನಾನs ಇಟ್ಟೆ" ಅಂದಳು. "ಬೈಯೂದಿದ್ರ ಬೈದುಬಿಡು, ಆಮ್ಯಾಲ ಗಾಡಿ ನೋಡು."

ಇದುವರೆಗೆ ನಾನೂ ಹಾಗೆಯೇ ಹೇಳಿಕೊಂಡು ಬಂದಿದ್ದೆ. ಮೊನ್ನೆ ಅಕ್ಕ ಫೋನಿನಲ್ಲಿ ತಡೆದದ್ದು ಇಲ್ಲಿಯೇ. "ಅಜ್ಜಿ ಎಲ್ಲಿ ಇಟ್ಟಳು? ಆಕೀ ಕೈ ಅಲ್ಲೀತನಾ ಮುಟ್ಟತಿತ್ತೇನು? ಆಕಿ ನಿನ್ನ ಎತ್ತಿ ಹಿಡದ್ಲು, ನೀನು ಒಳಗ ತುರುಕಿದಿ. ಆಕಿ 'ಮ್ಯಾಲ ಇಟ್ರ ಸಾಕs' ಅಂದ್ರ, ನೀನು 'ಬಿದ್ದಗಿದ್ದೀತು' ಅಂತ ಕೆಳಗ ಒತ್ತಿದಿ." ನನಗೆ ಅದು ನೆನಪಿಲ್ಲ. ಆದರೆ ಅಕ್ಕ ಹೇಳಿದ ಮೇಲೆ ಬೆರಳಿಗೆ ತಣ್ಣನೆಯ ಕಬ್ಬಿಣ, ಅಂಟು ಗ್ರೀಸು ತಾಗಿದ್ದು ನೆನಪಾಗುತ್ತಿದೆ. ಅದು ನಿಜವಾದ ನೆನಪೋ ಈಗ ಹುಟ್ಟಿದ್ದೋ, ದೇವರಿಗೇ ಗೊತ್ತು. ಅಜ್ಜಿ ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು, ನಾನು ಸುಮ್ಮನೆ ನಿಂತಿದ್ದೆ. ಇದನ್ನು ಮಾತ್ರ ಈಗ ಒಪ್ಪಿಕೊಳ್ಳುತ್ತೇನೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ರಸ್ತೆಯ ಕಲ್ಲಿನ ಮೇಲೆ ಕುಳಿತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಸಾಹುಕಾರರ ಗಾಡಿ ನಡುದಾರಿಯಲ್ಲಿ ನಿಂತಿರಲಿಲ್ಲ. ನಿಂತದ್ದು ಅವ್ವನ ಆ ಒಂದು ದಿನವೇ.

ಕುಷ್ಟಗಿ ಇನ್ನೂ ಒಂಬತ್ತು ಹತ್ತು ಮೈಲಿ. ಆ ದಾರಿಗೆ ಮುಂಜಾನೆ ಒಂದು ಬಸ್ಸು, ಸಂಜೆ ಒಂದು. ಮುಂಜಾನೆಯದು ತಾವರಗೇರಾದಲ್ಲೇ ನಮ್ಮನ್ನು ದಾಟಿ ಹೋಗಿತ್ತು. ಅಪ್ಪ ಅಂದ, "ನಾ ನಡಕೋತ ಕುಷ್ಟಗಿಗೆ ಹೋಗಿ ಪಟ್ಟಿ ತರ್ತೀನಿ. ನೀವು ಇಲ್ಲೇ ಇರ್ರಿ."

"ಹೋಗಾಕ ಮೂರು ತಾಸು, ಬರಾಕ ಮೂರು ತಾಸು" ಅಂದಳು ಅವ್ವ. "ಆಮ್ಯಾಲ ಹೊಂಟ್ರ ಐದು ದಾರ್ಯಾಗs ಬಡೀತೈತಿ."

"ಮತ್ತೇನ್ ಮಾಡಂತಿ?"

ಅವ್ವ ಕಾರಿನ ತಲೆಯ ಮೇಲಿನ ಹಗ್ಗ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆ ಗಾಲಿ ತಿರಗಬೇಕು. ರಬ್ಬರೇ ತಿರಗಸಬೇಕು ಅಂತ ಏನರ ಐತೇನು?"

ಅಪ್ಪ ಆಕೆಯ ಮುಖ ನೋಡಿದ. ಆಮೇಲೆ ಎದ್ದ. ಹಾಸಿಗೆ ಸುರುಳಿ ಬಿಚ್ಚಿ ಬಾಳೆನಾರಿನ ಹಗ್ಗ ತೆಗೆದು, ಗಾಲಿಗಳ ಸುತ್ತ ಎರಡು ಸುತ್ತು ಹಾಕಿ, ಬಲವಾಗಿ ಗಂಟು ಬಿಗಿದ. ತಂಬಿಗೆಯಲ್ಲಿದ್ದ ಕುಡಿಯುವ ನೀರನ್ನೆಲ್ಲ ಕಾರಿಗೆ ಕುಡಿಸಿದೆವು. ಎಂಜಿನ್ನು ಶುರುವಾಯಿತು. ಫ್ಯಾನು ತಿರುಗಿತು! ಅಜ್ಜಿ ಹುಲಿಗೆಮ್ಮನಿಗೆ ಕೈ ಮುಗಿದಳು. ಸ್ವಲ್ಪ ದೂರ ಹೋದೆವು, ಒಂದು ಹೊಲದ ಉದ್ದ ಇರಬಹುದು. ಗಂಟು ಪ್ರತಿ ಸುತ್ತಿಗೂ ಗಾಲಿಯ ಅಂಚಿಗೆ ಬಡಿಯುತ್ತಿತ್ತು, ಟಕ್ ಟಕ್ ಟಕ್. ಆಮೇಲೆ ಹಗ್ಗವೇ ಹರಿದು ಹಾರಿಹೋಯಿತು.

ಅಷ್ಟರಲ್ಲಿ ಹಿಂದಿನಿಂದ ಒಂದು ಚಕ್ಕಡಿ ಬಂತು. ಅದರಲ್ಲಿದ್ದ ಮುದುಕ ಎತ್ತು ನಿಲ್ಲಿಸದೆಯೇ ಕೇಳಿದ, "ಏನ್ ಯಪ್ಪಾ, ನಿಂದು ಮೇವು ತಿಂತಿಲ್ಲೇನು?"

"ಮೇವೆಲ್ಲ ಹುರದು ತಿಂದೈತಿ ಕಾಕಾ" ಅಂದಳು ಅಕ್ಕ, ಎಂಜಿನ್ನಿನ ಮೇಲಿನ ಅಕ್ಕಿ ತೋರಿಸಿ.

"ಹಂಗಾರ ನೀರು ಕುಡಸ್ರಿ. ಅಕಾ, ಆ ಜಾಲಿ ಮರದ ಹಿಂದ ಬಾವಿ ಐತಿ" ಅಂತ ಕೈ ತೋರಿಸಿ ಮುದುಕ ಹೋದ.

ನಾವು ತಂಬಿಗೆ, ಕೊಡ ಹಿಡಿದು ಹೊಲಕ್ಕೆ ಇಳಿದೆವು. ಕಲ್ಲು ಕಟ್ಟಿದ ಆಳವಾದ ಬಾವಿ. ಮೇಲೆ ಎರಡು ಕಂಬ, ನಡುವೆ ಗಡಗಡಿ, ಅಂದರೆ ರಾಟೆ, ಅದರ ಮೇಲೆ ಹಗ್ಗ. ಒಬ್ಬ ಹೆಂಗಸು ನೀರು ಸೇದುತ್ತಿದ್ದಳು. ಅವ್ವನ ವಯಸ್ಸಿನವಳೇ ಇರಬೇಕು. ಮೊಣಕೈವರೆಗೆ ಹಸಿರು ಬಳೆ, ತಲೆಯ ಮೇಲೆ ಸಿಂಬಿ. ನಮ್ಮ ಕೈಯ ಕರಿ, ಅವ್ವನ ಕೈಯಲ್ಲಿದ್ದ ಹರಿದ ಹಗ್ಗ ನೋಡಿ ಏನಾಯಿತೆಂದು ಕೇಳಿದಳು. ಅವ್ವ ಎಲ್ಲ ಹೇಳಿದಳು. ಉಡಿಯ ಕಥೆ ಬಂದಾಗ ಆ ಹೆಂಗಸು ಕೊಡ ಕೆಳಗಿಟ್ಟು, ಬಾವಿಯ ಕಟ್ಟೆ ಹಿಡಿದು ನಕ್ಕಳು. ನಮ್ಮ ಅಜ್ಜಿಯ ಕಡೆ ತಿರುಗಿ, "ಬಸರಿ ಐತೇನಬೇ ನಿಮ್ಮ ಮೋಟಾರು? ಕುಬಸ ಮಾಡೀರಿ!" ಅಂದಳು. ಕಾರಿಗೆ ಸೀಮಂತ ಅಂದದ್ದು ಕೇಳಿ ಅಜ್ಜಿಗೂ ನಗು ತಡೆಯಲಿಲ್ಲ.

ನಗು ನಿಂತ ಮೇಲೆ ಆಕೆ ಹರಿದ ಹಗ್ಗವನ್ನು ಕೈಗೆ ತೆಗೆದುಕೊಂಡು ಗಂಟು ನೋಡಿದಳು.

"ಗಂಟ ಹಾಕೀರಲ್ಲ, ಅದಕ್ಕs ಹರದೈತಿ. ಗಡಗಡಿ ಮ್ಯಾಲ ಗಂಟು ನಡೀತೈತೇನ್ರಿ? ನಮ್ಮ ಬಾವಿ ಹಗ್ಗ ನೋಡ್ರಿ. ಎರಡು ಕಡೆ ಹರದಿತ್ತು. ಎಲ್ಲಿ ಹರದಿತ್ತು ಹೇಳ್ರಿ ನೋಡೂಣು."

ಅವ್ವ ಹಗ್ಗದುದ್ದಕ್ಕೂ ಕೈಯಾಡಿಸಿದಳು. ಹಗ್ಗ ಹೊಸೆಯುವ ಕೈ ಅದು, ಆದರೂ ಸಿಗಲಿಲ್ಲ. ಆ ಹೆಂಗಸು ಹಗ್ಗ ಹಿಡಿದು, ಒಂದು ಜಾಗದಲ್ಲಿ ಸ್ವಲ್ಪ ಹಿಂದಕ್ಕೆ ತಿರುವಿದಳು. ಆಗ ಕಂಡಿತು: ಒಂದು ತುದಿಯ ಎಳೆಗಳು ಇನ್ನೊಂದು ತುದಿಯ ಹೊಟ್ಟೆಯೊಳಗೆ ಹೊಕ್ಕು ಮಾಯವಾಗಿದ್ದವು. ಗಂಟೇ ಇಲ್ಲ.

"ಇದು ನಂಗ ಬರಂಗಿಲ್ಲವಾ" ಅಂದಳು ಅವ್ವ. "ನಾ ಹೊಸೀತೀನಿ, ಹರದದ್ದು ಹಿಂಗ ಕೂಡಸಾಕ ಬರಂಗಿಲ್ಲ. ನಮ್ಮ ಊರಾಗ ಹೊಳಿ ಐತಿ, ಬಾವಿ ಹಗ್ಗದ ಕೆಲಸ ಬೀಳಲಿಲ್ಲ. ನಾ ಇವತ್ತು ಐದರೊಳಗ ಸಹಿ ಮಾಡಬೇಕು. ಕಲಸ್ತೀಯೇನು?"

"ಕಲಸಾಕ ಹೊತ್ತು ಎಲ್ಲೈತಿ ನಿಮಗ? ಸಾಲಿ ಮಕ್ಕಳಿಗೆ ನೀವು ಕಲಸರಿ. ಇದನ್ನ ನಾನs ಮಾಡ್ತೀನಿ" ಅಂದಳಾಕೆ. "ಆದ್ರ ಬಾಳಿನಾರು ಬ್ಯಾಡ. ಸುಟ್ಟ ಹೋಗತೈತಿ. ಪುಂಡಿನಾರು ಬೇಕು."

ಪುಂಡಿ ಗಿಡದ ಕಾಂಡದಿಂದ ತೆಗೆದ ಆ ಗಟ್ಟಿ ನಾರಿನ ಹಗ್ಗ ಅಲ್ಲಿ ಇದ್ದದ್ದು ಒಂದೇ. ಆಕೆಯ ಕೈಯಲ್ಲಿ, ಗಡಗಡಿಯ ಮೇಲೆ.

ಆಕೆ ಬಾವಿಯೊಳಗೆ ಬಗ್ಗಿ ನೋಡಿದಳು. ನೀರು ಎಷ್ಟು ಕೆಳಗಿದೆಯೆಂದು ಅಳೆಯುವ ಹಾಗೆ. ನಾವೆಲ್ಲ ಆಕೆಯ ಬೆನ್ನು ನೋಡುತ್ತ ನಿಂತೆವು. ಮಳೆಗಾಲ ಮುಗಿದು ಬಹಳ ದಿನವಾಗಿರಲಿಲ್ಲ. ನೀರು ಮೇಲಿತ್ತು.

"ಈಗ ನೀರು ಮ್ಯಾಲೈತಿ. ಎರಡು ಮಾರು ಕಮ್ಮಿ ಆದ್ರೂ ಮುಟ್ಟತೈತಿ" ಅಂದಳು. "ಬ್ಯಾಸಿಗಿ ಬರೂದ್ರಾಗ ಮತ್ತ ಹೊಸದುಕೊಂಡ್ರಾತು." ಕುಡುಗೋಲು ತೆಗೆದು ಹಗ್ಗದ ತುದಿಯನ್ನು ಒಂದೇ ಏಟಿಗೆ ಕತ್ತರಿಸಿದಳು.

ಇಲ್ಲಿ ನನ್ನ ನೆನಪು ನಿಧಾನವಾಗುತ್ತದೆ. ಉಳಿದದ್ದೆಲ್ಲ ಓಡುತ್ತದೆ, ಇದು ಮಾತ್ರ ನಡೆಯುತ್ತದೆ. ಎಲ್ಲರೂ ಕಾರಿನ ಹತ್ತಿರ ಬಂದೆವು. ಅವ್ವ ತಲೆಯ ದಾರ ಬಿಚ್ಚಿ ಗಾಲಿಗಳ ಸುತ್ತ ಹಾಕಿ ಅಳತೆ ತೆಗೆದುಕೊಂಡಳು. ಇಬ್ಬರೂ ಕಾರಿನ ನೆರಳಲ್ಲಿ ಎದುರುಬದುರು ಕುಳಿತರು. ಆ ಹೆಂಗಸು ಹಗ್ಗದ ಎರಡೂ ತುದಿಯ ಎಳೆ ಬಿಚ್ಚಿದಳು. ಒಂದು ಉದ್ದನೆಯ ಜಾಲಿಮುಳ್ಳಿನಿಂದ ಹಗ್ಗದ ಹೊಟ್ಟೆ ಬಿಡಿಸಿ ಸಂದಿ ಮಾಡುವುದು, ಎದುರಿನ ಎಳೆ ತೂರಿಸುವುದು, ಹಲ್ಲಿನಲ್ಲಿ ಕಚ್ಚಿ ಎಳೆಯುವುದು. ಅವ್ವ ಇನ್ನೊಂದು ಕಡೆ ಹಗ್ಗ ತಿರುವಿ ಬಿಗಿ ಹಿಡಿದಿದ್ದಳು. ಹಸಿ ಪುಂಡಿನಾರಿನ ಹುಳಿಹುಳಿ ವಾಸನೆ. ಬಳೆಯ ಸದ್ದು. ಮುಳ್ಳು ಎರಡು ಸಲ ಮುರಿಯಿತು. ಅಕ್ಕ ಹೊಸದು ತಂದಳು. ಆ ಹೆಂಗಸಿನ ಬೆರಳಿನಿಂದ ಸ್ವಲ್ಪ ರಕ್ತ ಬಂತು. ಆಕೆ ಅದನ್ನು ಮಣ್ಣಿಗೆ ಒರೆಸಿ ಮುಂದುವರಿಸಿದಳು.

ಅಪ್ಪ ಅತ್ತಿಂದಿತ್ತ ತಿರುಗುತ್ತಿದ್ದ. ಕೊನೆಗೆ ತಡೆಯಲಾರದೆ ಅಂದ, "ನಾ ಇಷ್ಟ ವರ್ಷದ ಡ್ರೈವರ್. ಹೆಂಗಸರು ಹಗ್ಗ ಹೆಣದು ಮೋಟಾರು ನಡಿಸಿದ್ದು ಎಲ್ಲೀ ಕೇಳಿಲ್ಲ."

ಆಕೆ ತಲೆ ಎತ್ತಲಿಲ್ಲ. "ಮೋಟಾರು ನೀವs ನಡಸರಿ ಯಪ್ಪಾ. ನಾವು ಬರೇ ಗಡಗಡಿ ತಿರಗಸ್ತೀವಿ."

ಅಪ್ಪ ಸ್ಪ್ಯಾನರ್ ತೆಗೆದುಕೊಂಡು ಕಾರಿನ ಕೆಳಗೆ ತೂರಿ, ಗಾಲಿಯನ್ನು ಹತ್ತಿರ ದೂರ ಸರಿಸುವ ಬೋಲ್ಟು ಸಡಿಲ ಮಾಡಿಟ್ಟ. ಹಗ್ಗದ ಬಳೆ ಸಿದ್ಧವಾದಾಗ ಅದು ಸರಿಯಾಗಿ ಕೂರಬೇಕಲ್ಲ! ಅದು ಅವನ ಕೆಲಸವಾಗಿತ್ತು, ಅದನ್ನು ಅವನು ಚೆನ್ನಾಗಿ ಮಾಡಿದ.

ಬಳೆಯನ್ನು ಗಾಲಿಗಳಿಗೆ ಏರಿಸಿ, ಬೋಲ್ಟು ಬಿಗಿದು, ಅಪ್ಪ ಬೆರಳಿನಿಂದ ಒತ್ತಿ ನೋಡಿದ. "ಸ್ವಲ್ಪ ಸಡಲ ಐತಿ."

"ನೀರು ಹಾಕ್ರಿ" ಅಂದಳಾಕೆ. "ಪುಂಡಿಹಗ್ಗ ನೀರು ಕುಡದ್ರ ಬಿಗೀತೈತಿ. ಒಣಗಾಕ ಬಿಟ್ರ ಸಡಲತೈತಿ. ದಾರ್‍ಯಾಗ ಕುಡಿಸಿಗೋತ ಹೋಗ್ರಿ."

ನೀರು ಹಾಕಿದೆವು. ಎಂಜಿನ್ನು ಶುರುವಾಯಿತು. ಈ ಸಲ ಟಕ್ ಟಕ್ ಇಲ್ಲ. ಬಾವಿಯ ಗಡಗಡಿಯ ಹಾಗೆ ಒಂದು ಸಣ್ಣ ಕಿರುಗುಟ್ಟುವಿಕೆ ಅಷ್ಟೇ. ಅವ್ವ ಕಾರಿಗೆ ಹತ್ತುತ್ತ ಆಕೆಯ ಎರಡೂ ಕೈ ಹಿಡಿದುಕೊಂಡಳು. ಏನೋ ಅಂದಳು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಆಕೆಗೂ ಕೇಳಿಸಿರಲಿಕ್ಕಿಲ್ಲ. "ಹೋಗ್ರಿ, ಹೋಗ್ರಿ, ಹೊತ್ತಾತು" ಅಂತ ಕೈ ಬೀಸಿದಳು.

ಕುಷ್ಟಗಿ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಅಲ್ಲಿನ ಒಬ್ಬ ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, ಮೊದಲು ನಕ್ಕ, ಆಮೇಲೆ ಬಗ್ಗಿ ನೋಡಿದ, ಆಮೇಲೆ ತನ್ನ ಅಂಗಡಿಯ ಇನ್ನಿಬ್ಬರನ್ನು ಕರೆದು ತೋರಿಸಿದ. ಆ ಅಳತೆಯ ಪಟ್ಟಿ ಅವನ ಹತ್ತಿರ ಇರಲಿಲ್ಲ. "ಇಲಕಲ್ಲಿನ್ಯಾಗ ಸಿಗತೈತಿ. ಅಲ್ಲೀತನಾ ಇದನ್ನ ಮುಟ್ಟಬ್ಯಾಡ್ರಿ" ಅಂದ. "ನಾ ಮಾಡಿದ್ರೂ ಇಷ್ಟು ಚಂದ ಆಗತಿರಲಿಲ್ಲ."

ಅಲ್ಲಿಂದ ಮುಂದೆ ಎರಡು ಮೂರು ಮೈಲಿಗೊಮ್ಮೆ ನಿಲ್ಲಿಸುವುದು, ಅಕ್ಕ ಇಳಿದು ಹಗ್ಗಕ್ಕೆ ನೀರು ಸುರಿಯುವುದು, ಮತ್ತೆ ಹೊರಡುವುದು. ಹಳ್ಳ ಕಂಡಲ್ಲಿ ಕೊಡ ತುಂಬಿಕೊಳ್ಳುವುದು. ಊಟ ಮಾಡಲು ಅವ್ವ ಬಿಡಲಿಲ್ಲ. ಓಡುವ ಕಾರಿನಲ್ಲೇ ರೊಟ್ಟಿ, ಶೇಂಗಾ ಚಟ್ನಿ ಕೈಗೆ ಕೊಟ್ಟಳು. ಅಜ್ಜಿಗೆ ಏರುದಾರಿಯಲ್ಲಿ ಇಳಿದು ನಡೆಯುವುದು ಕಷ್ಟವಾಗಿತ್ತು, ಆದರೂ ಭಾರ ಕಮ್ಮಿಯಾಗಲೆಂದು ತಾನೇ ಮೊದಲು ಇಳಿಯುತ್ತಿದ್ದಳು. ಇಲಕಲ್ಲಿನಲ್ಲಿ ಹೊಸ ಪಟ್ಟಿ ಸಿಕ್ಕಿತು. ಹಗ್ಗದ ಬಳೆ ಅಲ್ಲಿಯವರೆಗೂ ಹರಿಯಲಿಲ್ಲ. ಅಪ್ಪ ಅದನ್ನು ಬಿಚ್ಚಿದಾಗ ಕರ್ರಗೆ ಸವೆದು ಅರ್ಧದಷ್ಟಾಗಿತ್ತು, ಆದರೆ ಕೂಡಿಸಿದ ಜಾಗ ಯಾವುದೆಂದು ಆಗಲೂ ತಿಳಿಯಲಿಲ್ಲ.

ಆಮೇಲೆ ಅಪ್ಪ ಓಡಿಸಿದ್ದನ್ನು ಓಡಿಸಿದ್ದು ಅಂತ ಕರೆಯಬೇಕು. ನದಿಯ ಸೇತುವೆ ದಾಟುವಾಗ ಬಿಸಿಲು ಓರೆಯಾಗಿತ್ತು. ಅವ್ವ ಯಾರನ್ನೂ ಸಮಯ ಕೇಳಲಿಲ್ಲ. ಅಪ್ಪನ ಕೈಗಡಿಯಾರವನ್ನು ನೋಡಲೂ ಇಲ್ಲ. ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಕಾರನ್ನು ತಾನೇ ತಳ್ಳುತ್ತಿದ್ದೇನೆ ಅನ್ನುವ ಹಾಗೆ ಕೂತಿದ್ದಳು.

ಶಾಲೆ ಬಿಟ್ಟಾಗಿತ್ತು. ಮಕ್ಕಳು ಯಾರೂ ಇರಲಿಲ್ಲ. ಹೆಡ್‌ಮಾಸ್ತರರು ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈ ಜೇಬಿಗಿಳಿಸುತ್ತಿದ್ದರು. ಅವ್ವ ಕಾರು ಪೂರ್ತಿ ನಿಲ್ಲುವ ಮುಂಚೆಯೇ ಇಳಿದಳು. ಧೂಳು, ಗ್ರೀಸು, ಬಿಚ್ಚಿದ ಕೂದಲು. ಮೇಣಬಟ್ಟೆ ಬಿಡಿಸಿ ಕಾಗದ ಮುಂದೆ ಹಿಡಿದಳು.

ಹೆಡ್‌ಮಾಸ್ತರರು ಕಾಗದ ಓದಿದರು. ಅವ್ವನ ಕೈ ನೋಡಿದರು. "ಅಕ್ಕೋರ, ಮೊದಲ ಕೈ ತೊಳಕೋರಿ. ಚಹಾ ಕುಡೀರಿ."

"ಮೊದಲ ಸಹಿ, ಸರ್" ಅಂದಳು ಅವ್ವ. "ಆಮ್ಯಾಲ ನೀರು."

ಅವರು ಮತ್ತೆ ಬಾಗಿಲು ತೆಗೆದರು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷ ಬಾಕಿ ಇತ್ತು. ನಾನು ಇಷ್ಟು ವರ್ಷ ಹೇಳುತ್ತಿದ್ದದ್ದು ಅದನ್ನೇ. ಅಕ್ಕ ಮೊನ್ನೆ "ಸುಳ್ಳು" ಅಂದ ಇನ್ನೊಂದು ಜಾಗ ಇದು. ಆಕೆಯ ಪ್ರಕಾರ ಐದು ಬಡಿದು ಬಹಳ ಹೊತ್ತಾಗಿತ್ತು. ಹೆಡ್‌ಮಾಸ್ತರರು ಗಡಿಯಾರಕ್ಕೆ ಬೆನ್ನು ಮಾಡಿ ಕುಳಿತು, ಹಾಜರಿ ಪುಸ್ತಕ ಬಿಡಿಸಿ, "ನಾಲ್ಕು ಐವತ್ತು ಅಂತ ಬರೀಲೇನ್ರಿ?" ಅಂತ ಕೇಳಿದರಂತೆ. ಅವ್ವ, "ಎಷ್ಟಾಗೈತೋ ಅಷ್ಟs ಬರೀರಿ" ಅಂದಳಂತೆ. ಅವರು ಏನು ಬರೆದರೋ ನಮಗಿಬ್ಬರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅವ್ವ ಸಹಿ ಮಾಡಿದಳು, ಕಾಗದದ ಮೇಲೆ ಆಕೆಯ ಹೆಬ್ಬೆಟ್ಟಿನ ಕರಿ ಗುರುತು ಮೂಡಿತು, ಮರುದಿನ ಮುಂಜಾನೆ ಆಕೆ ಎರಡನೆಯ ಇಯತ್ತೆಗೆ ಪಾಠ ಮಾಡಿದಳು. ಅಲ್ಲಿಂದ ಮುಂದೆ ನಿವೃತ್ತಿಯಾಗುವವರೆಗೆ ಮಾಡಿದಳು. ಅಪ್ಪ ಕಾರು ಒಪ್ಪಿಸಿ ಬಂದವನು ಆ ಊರಲ್ಲಿ ಬಸ್ಸಿನ ಡ್ರೈವರ್ ಆದ. ರೊಟ್ಟಿಯನ್ನೂ ಬಡಿದ. ಕೊನೆಯವರೆಗೂ ಅವು ದುಂಡಗಾಗಲಿಲ್ಲ.

ಈಗ ನಿಮ್ಮ ಲೋಕಕ್ಕೆ ಬರೋಣ, ಮೊಮ್ಮಕ್ಕಳೇ. ಹೋದ ತಿಂಗಳು ಭಾಗ್ಯನಗರದಿಂದ ನಾವೆಲ್ಲ ನಿಮ್ಮ ಅವ್ವನ ಕಾರಿನಲ್ಲಿ ಹೊರಟಾಗ, ಕುಷ್ಟಗಿ ಇನ್ನೂ ಬಾರದಿರುವಾಗ ಹೆದ್ದಾರಿಯ ಮೇಲೆ ಅದೂ ನಿಂತಿತಲ್ಲ. ಎದುರಿನ ಫಲಕದಲ್ಲಿ ಒಂದು ಕೆಂಪು ದೀಪ ಹತ್ತಿತು, ಅಷ್ಟೇ. ಹೊಗೆಯಿಲ್ಲ, ಸದ್ದಿಲ್ಲ. ನಿಮ್ಮ ಅವ್ವ ಫೋನ್ ಮಾಡಿದಳು. ನಾವು ಎಲ್ಲಿದ್ದೇವೆಂದು ಆ ಫೋನಿಗೇ ಗೊತ್ತಿತ್ತು. ನೀವು ಇಬ್ಬರೂ ಹಿಂದಿನ ಸೀಟಿನಲ್ಲಿ ಏನೋ ನೋಡುತ್ತ ಕೂತಿರಿ. ಮುಕ್ಕಾಲು ಗಂಟೆಯಲ್ಲಿ ಒಬ್ಬ ಮೇಸ್ತ್ರಿ ಬಂದು, ಒಂದು ತಂತಿ ಜೋಡಿಸಿ, ಪುಟ್ಟ ಪರದೆ ನೋಡಿ, ಏನೋ ಬದಲಿಸಿ ಹೋದ. ಆಗ ನೀವು ಕೇಳಿದಿರಿ, "ಅಜ್ಜಿ, ನಿಮ್ಮ ಕಾಲನೇ ಛಲೋ ಇತ್ತಲ್ಲ?"

ಇಲ್ಲ. ಅವತ್ತು ಆ ರಸ್ತೆಯಲ್ಲಿ ಯಾರಾದರೂ ನಿಮ್ಮ ಫೋನು ಕೊಟ್ಟಿದ್ದರೆ ಅವ್ವ ಹಗ್ಗವನ್ನು ಹೊಲಕ್ಕೆಸೆದು ಅದನ್ನು ಕಸಿದುಕೊಳ್ಳುತ್ತಿದ್ದಳು. ಆಕೆಗೆ ಬೇಕಾಗಿದ್ದದ್ದು ಶಾಲೆ ಮುಟ್ಟುವುದು, ಕಥೆಯಲ್ಲ. ಕಥೆ ಬೇಕಾಗಿದ್ದದ್ದು ನನಗೆ.

ಇನ್ನೊಂದು ಮಾತು. ಆ ಮೇಸ್ತ್ರಿ ಹೊರಡುವಾಗ ನಿಮ್ಮಲ್ಲಿ ಚಿಕ್ಕವಳು ಕಿಟಕಿ ಇಳಿಸಿ, "ಅಂಕಲ್, ನಿಮ್ಮ ಹೆಸರೇನು?" ಅಂತ ಕೇಳಿದಳು. ಅವನು ಹೇಳಿದ. ಯಲಬುರ್ಗಾದವನು ಅಂತಲೂ ಹೇಳಿದ. ಅವಳು ಅದನ್ನು ಫೋನಿನಲ್ಲಿ ಬರೆದಿಟ್ಟಳು. ಅವನು ನಗುತ್ತಲೇ ಗಾಡಿ ಹತ್ತಿದ.

ಆ ದಿನ ಬಾವಿಯ ಹತ್ತಿರ ನಾವು ಐದು ಜನ ಇದ್ದೆವು. ಓದು ಕಲಿತ ಅವ್ವ ಇದ್ದಳು, ಮಾತು ಕಲಿತ ಅಜ್ಜಿ ಇದ್ದಳು. ಮೊನ್ನೆ ಫೋನಿನ ಕೊನೆಯಲ್ಲಿ ಅಕ್ಕನನ್ನು ಕೇಳಿದೆ, ಆ ಹೆಂಗಸಿನ ಹೆಸರೇನಿತ್ತು ಅಂತ. ಎಲ್ಲಕ್ಕೂ ಉತ್ತರವಿದ್ದ ಅಕ್ಕ, "ನಿನಗs ನೆನಪಿರಬೇಕು ಅನ್ಕೊಂಡಿದ್ದೆ" ಅಂದಳು. ನಾವು ಕೇಳಿಯೇ ಇರಲಿಲ್ಲ.